ರೆಡಿಂಗ್ ಕೌನ್ಸಿಲ್ ಚುನಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ರೆಡಿಂಗ್ ಸುತ್ತಮುತ್ತಲ ಮನೆಗಳಲ್ಲಿ ಬಾಗಿಲ ಕಂಡಿಯಿಂದ ಬಣ್ಣಬಣ್ಣದ ಕರಪತ್ರ ಬೀಳಲು ಶುರುವಾಗುತ್ತದೆ. ಕನ್ನಡದವರು ಸೇರಿದ ಕಡೆಯೆಲ್ಲ, ಹಬ್ಬದ ಊಟದ ಸಾಲಿನಲ್ಲೂ ವಾಟ್ಸಾಪಿನಲ್ಲೂ, ಅವೇ ಪ್ರಶ್ನೆಗಳು ಏಳುತ್ತವೆ. ಜನ ಕೇಳಿದ ಹಾಗೇ ಪ್ರಶ್ನೆಗಳನ್ನು ಇಲ್ಲಿಟ್ಟಿದ್ದೇವೆ. ಇಂಗ್ಲೆಂಡಿನ ಬೇರೆ ಊರಿನಲ್ಲಿ ಇರುವವರಿಗೂ ನಿಯಮ ಬಹುತೇಕ ಇದೇ. ವಾರ್ಡಿನ ಹೆಸರು, ಚುನಾವಣೆಯ ವರ್ಷ ಮಾತ್ರ ಬೇರೆ.

## ಮೊದಮೊದಲು ಕೇಳುವವು

ನಂದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್. ನಂಗೆ ಇಲ್ಲಿ ವೋಟ್ ಇದೆಯಾ?

ಇದೆ. ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ಉತ್ತರ ಕೇಳಿ ಎಲ್ಲಕ್ಕಿಂತ ಹೆಚ್ಚು ಜನ ನಂಬದೇ ಇರುವುದೂ ಇದನ್ನೇ. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ದೇಶದ ಪ್ರಜೆಯೊಬ್ಬರು ಇಲ್ಲಿ ಇರಲು ಅನುಮತಿ ಪಡೆದು ಇಲ್ಲೇ ವಾಸವಾಗಿದ್ದರೆ, 18 ತುಂಬಿದ್ದರೆ, ಮತ ಹಾಕಬಹುದು. ವರ್ಕ್ ವೀಸಾ, ಸ್ಟೂಡೆಂಟ್ ವೀಸಾ, ಡಿಪೆಂಡೆಂಟ್ ವೀಸಾ, ಯಾವುದಾದರೂ ಸರಿ. ಐಎಲ್‌ಆರ್ ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ ಬರುವವರೆಗೆ ಕಾಯಬೇಕಾಗಿಲ್ಲ. ಕೌನ್ಸಿಲ್ ಚುನಾವಣೆಗೆ ಮಾತ್ರ ಅಲ್ಲ, ಪಾರ್ಲಿಮೆಂಟ್ ಚುನಾವಣೆಗೂ ಇದೇ ಹಕ್ಕು.

ಪಕ್ಕದ ಮನೆಯ ಅಮೆರಿಕದವರಿಗೆ ಈ ಹಕ್ಕಿಲ್ಲ. ಹತ್ತು ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಿದ್ದರೂ ಇಲ್ಲ. ನಿನ್ನೆ ಮೊನ್ನೆ ಬಂದಿಳಿದ ನಮಗೆ ಇದೆ. ಹಾಗಿದ್ದೂ ವರ್ಷಗಟ್ಟಲೆ ಹೆಸರೇ ಸೇರಿಸದೆ ಇರುವವರು ನಮ್ಮಲ್ಲಿ ಜಾಸ್ತಿ. ಗೊತ್ತಿಲ್ಲದ್ದೇ ಕಾರಣ, ಬೇರೇನಲ್ಲ.

ವಿಸಿಟರ್ ವೀಸಾದಲ್ಲಿ ಮೊಮ್ಮಗು ನೋಡಲು ಬಂದ ಅಪ್ಪ ಅಮ್ಮನಿಗೆ ಇದು ಅನ್ವಯಿಸುವುದಿಲ್ಲ. ಅವರು ಬಂದುಹೋಗುವವರು, ಇಲ್ಲಿನ ನಿವಾಸಿಗಳಲ್ಲ.

ಇಲ್ಲಿ ವೋಟ್ ಹಾಕಿದ್ರೆ ವೀಸಾಗೆ ಏನಾದ್ರೂ ತೊಂದರೆ ಆಗುತ್ತಾ? ಭಾರತದ ಪೌರತ್ವ ಹೋಗುತ್ತಾ?

ಎರಡೂ ಇಲ್ಲ. ಭಾರತದ ಪೌರತ್ವ ಹೋಗುವುದು ಬೇರೆ ದೇಶದ ಪೌರತ್ವ ತೆಗೆದುಕೊಂಡಾಗ, ಬೇರೆ ದೇಶದಲ್ಲಿ ಮತ ಹಾಕಿದಾಗ ಅಲ್ಲ. ಇಂಡಿಯನ್ ಪಾಸ್‌ಪೋರ್ಟ್ ಇರುವವರೆಗೆ ಅನಿವಾಸಿ ಮತದಾರರಾಗಿ ಊರಲ್ಲೂ ನೋಂದಾಯಿಸಿಕೊಳ್ಳಬಹುದು. ಆದರೆ ಅಲ್ಲಿ ಮತ ಹಾಕಲು ಖುದ್ದಾಗಿ ಹೋಗಬೇಕು.

ಕೌನ್ಸಿಲ್ ಅಂದ್ರೆ ನಮ್ಮ ಕಡೆ ನಗರಸಭೆ ಇದ್ದ ಹಾಗಾ?

ಹೆಚ್ಚುಕಡಿಮೆ ಹಾಗೇ, ಆದರೆ ಕೈಯಲ್ಲಿರುವ ಕೆಲಸ ಜಾಸ್ತಿ. ಕಸ, ಬೀದಿದೀಪ, ಗುಂಡಿ ಬಿದ್ದ ರಸ್ತೆ, ಲೈಬ್ರರಿ, ಪಾರ್ಕು, ಮನೆ ಕಟ್ಟಲು ಪರವಾನಗಿ ಇವೆಲ್ಲ ಇದ್ದೇ ಇವೆ. ಜೊತೆಗೆ ಶಾಲೆಯ ಸೀಟು ಹಂಚಿಕೆ, ವಯಸ್ಸಾದವರ ಆರೈಕೆ, ಪೋಷಕರಿಂದ ದೂರವಿರುವ ಮಕ್ಕಳ ರಕ್ಷಣೆ, ಮನೆಯಿಲ್ಲದವರಿಗೆ ವಸತಿ ಕೂಡ ಕೌನ್ಸಿಲಿನದೇ ಹೊಣೆ. ಮೊದಲು ಬರ್ಕ್‌ಷೈರ್ ಕೌಂಟಿ ಕೌನ್ಸಿಲ್ ಅಂತ ಮೇಲೊಂದು ಹಂತ ಇತ್ತು. 1998ರಲ್ಲಿ ಅದನ್ನು ತೆಗೆದು ಆರು ಕೌನ್ಸಿಲುಗಳಿಗೆ ಎಲ್ಲ ಅಧಿಕಾರ ಕೊಟ್ಟರು. ರೆಡಿಂಗ್ ಬರೋ ಕೌನ್ಸಿಲ್ ಆ ಆರರಲ್ಲಿ ಒಂದು.

ಊರಿನ ಬಸ್ಸೂ ಕೌನ್ಸಿಲಿನದೇ. ರೆಡಿಂಗ್ ಬಸಸ್ ಕಂಪನಿಯ ಮಾಲೀಕತ್ವ ಪೂರ್ತಿ ಕೌನ್ಸಿಲಿನ ಕೈಯಲ್ಲಿದೆ. ಇಂಗ್ಲೆಂಡಿನಲ್ಲಿ ಹೀಗೆ ಉಳಿದುಕೊಂಡಿರುವ ಊರುಗಳು ಬೆರಳೆಣಿಕೆಯಷ್ಟು.

ನನ್ನ ವಿಳಾಸದಲ್ಲಿ ರೆಡಿಂಗ್ ಅಂತಾನೇ ಇದೆ. ಆದ್ರೂ ರೆಡಿಂಗ್ ಕೌನ್ಸಿಲ್‌ಗೆ ವೋಟ್ ಇಲ್ಲ ಅಂತಾರಲ್ಲ?

ನೀವು ಬಹುಶಃ ಲೋಯರ್ ಅರ್ಲಿ ಅಥವಾ ವುಡ್ಲಿಯಲ್ಲಿದ್ದೀರಿ. ಅಂಚೆಯವರ ರೆಡಿಂಗ್ ಬೇರೆ, ಕೌನ್ಸಿಲಿನ ರೆಡಿಂಗ್ ಬೇರೆ. ಅರ್ಲಿ, ಲೋಯರ್ ಅರ್ಲಿ, ವುಡ್ಲಿ, ಶಿನ್‌ಫೀಲ್ಡ್ ಎಲ್ಲ ವೋಕಿಂಗ್‌ಹ್ಯಾಮ್ ಬರೋಗೆ ಸೇರುತ್ತವೆ. ಪಶ್ಚಿಮಕ್ಕೆ ಹೋದರೆ ಕಾಲ್ಕಟ್, ಪರ್ಲಿ, ಟೈಲ್‌ಹರ್ಸ್ಟಿನ ಒಂದು ಭಾಗ ವೆಸ್ಟ್ ಬರ್ಕ್‌ಷೈರ್ ಕೌನ್ಸಿಲಿಗೆ. ಟೈಲ್‌ಹರ್ಸ್ಟಿನ ಇನ್ನೊಂದು ಭಾಗ ರೆಡಿಂಗಿಗೆ. ಯೂನಿವರ್ಸಿಟಿಯ ವೈಟ್‌ನೈಟ್ಸ್ ಕ್ಯಾಂಪಸ್ಸಿನ ಮಧ್ಯದಲ್ಲೇ ಗಡಿ ಹಾದುಹೋಗುತ್ತದೆ.

ಆದ್ದರಿಂದ ಬೇರೇನು ಮಾಡುವ ಮೊದಲು ನಿಮ್ಮ ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಬಿಲ್ಲಿನ ತಲೆಬರಹ ನೋಡಿ. ಯಾರ ಹೆಸರಿದೆಯೋ ಅದೇ ನಿಮ್ಮ ಕೌನ್ಸಿಲ್. ಬಾಡಿಗೆಯಲ್ಲಿದ್ದು ಬಿಲ್ ಮನೆ ಮಾಲೀಕರ ಹೆಸರಿಗೆ ಬರುತ್ತಿದ್ದರೆ, ಮನೆ ಮುಂದಿನ ಕಸದ ಡಬ್ಬಿಯ ಮೇಲಿನ ಮುದ್ರೆ ನೋಡಿದರೂ ಸಾಕು.

ಅರ್ಲಿ, ವುಡ್ಲಿಯವರಿಗೆ ಟೌನ್ ಕೌನ್ಸಿಲ್ ಅಂತ ಕೆಳಗೆ ಇನ್ನೊಂದು ಚಿಕ್ಕ ಹಂತವೂ ಉಂಟು. ರೆಡಿಂಗ್ ಬರೋ ಒಳಗೆ ಅದಿಲ್ಲ. ಪಾರ್ಲಿಮೆಂಟ್ ಕ್ಷೇತ್ರದ ಗಡಿ ಇನ್ನೂ ಬೇರೆ: ವಿಟ್ಲಿ ವಾರ್ಡಿನವರು ಕೌನ್ಸಿಲಿಗೆ ರೆಡಿಂಗಿನವರು, ಎಂಪಿ ಆಯ್ಕೆಗೆ 2024ರಿಂದ ‘ಅರ್ಲಿ ಅಂಡ್ ವುಡ್ಲಿ’ ಕ್ಷೇತ್ರದವರು. ತಲೆ ಕೆಡಿಸಿಕೊಳ್ಳಬೇಡಿ, ಇಲ್ಲೇ ಹುಟ್ಟಿ ಬೆಳೆದವರಿಗೂ ಇದು ಗೋಜಲೇ.

ಹೋದ ವರ್ಷ ಚುನಾವಣೆ ಆಯ್ತು, ಈ ವರ್ಷ ಮತ್ತೆ ಬಂತು. ಇದೇನು ವರ್ಷಾವರ್ಷ?

ರೆಡಿಂಗಿನಲ್ಲಿ 16 ವಾರ್ಡುಗಳಿವೆ. ವಾರ್ಡಿಗೆ ಮೂವರಂತೆ 48 ಕೌನ್ಸಿಲರುಗಳು. ಮೂವರನ್ನೂ ಒಟ್ಟಿಗೆ ಆರಿಸುವುದಿಲ್ಲ. ವರ್ಷಕ್ಕೊಬ್ಬರಂತೆ ಮೂರು ವರ್ಷ, ನಾಲ್ಕನೇ ವರ್ಷ ಖಾಲಿ. ಒಬ್ಬೊಬ್ಬರ ಅವಧಿ ನಾಲ್ಕು ವರ್ಷ.

2022ರಲ್ಲಿ ಮಾತ್ರ ಎಲ್ಲ 48 ಸೀಟಿಗೂ ಒಟ್ಟಿಗೆ ಚುನಾವಣೆ ಆಯಿತು, ಯಾಕೆಂದರೆ ಆಗ ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸಿದ್ದರು. ಅದಕ್ಕೆ ಮೊದಲು 46 ಸೀಟುಗಳಿದ್ದವು. ಆಮೇಲೆ 2023, 2024ರಲ್ಲಿ ಮೂರನೇ ಒಂದು ಭಾಗದಂತೆ ನಡೆಯಿತು. 2025 ಖಾಲಿ ವರ್ಷ. 2026ರಿಂದ ಮತ್ತೆ ಅದೇ ಸರದಿ.

ವೆಸ್ಟ್ ಬರ್ಕ್‌ಷೈರಿನಲ್ಲಿ ಹೀಗಲ್ಲ. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಎಲ್ಲವೂ ಒಟ್ಟಿಗೆ, 2023ರಲ್ಲಿ ಆದ ಹಾಗೆ. ಅದಕ್ಕೇ ಒಂದು ಬೀದಿಯಲ್ಲಿ ಚುನಾವಣೆಯ ಗದ್ದಲ, ಮುಂದಿನ ಬೀದಿಯಲ್ಲಿ ಏನೂ ಇಲ್ಲ. ವರ್ಷಾವರ್ಷ ಚುನಾವಣೆ ಅಂದರೆ ಬೇಸರ ಅನ್ನುವವರಿದ್ದಾರೆ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಅವಧಿ ಮುಗಿದ ಮೇಲೆ ಕಾರ್ಪೊರೇಟರೇ ಇಲ್ಲದೆ ವರ್ಷಗಳನ್ನು ಕಳೆದ ಬೆಂಗಳೂರಿನವರು ಹಾಗೆ ಹೇಳಲಾರರು, ಅಲ್ವಾ?

## ಹೆಸರು ಸೇರಿಸುವುದು, ಮತ ಹಾಕುವುದು

ಹೆಸರು ಸೇರಿಸೋದು ಹೇಗೆ? ಆಫೀಸಿಗೆ ಅಲೀಬೇಕಾ?

ಎಲ್ಲೂ ಅಲೆಯಬೇಕಿಲ್ಲ. ಸರ್ಕಾರದ ‘ರಿಜಿಸ್ಟರ್ ಟು ವೋಟ್’ ಪುಟದಲ್ಲಿ ಐದು ನಿಮಿಷದ ಕೆಲಸ. ಹೆಸರು, ವಿಳಾಸ, ಹುಟ್ಟಿದ ದಿನ, ರಾಷ್ಟ್ರೀಯತೆ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತಾರೆ. ರಾಷ್ಟ್ರೀಯತೆ ಅನ್ನುವಲ್ಲಿ ಭಾರತ ಅಂತಲೇ ಹಾಕಿ. ಇನ್ಶೂರೆನ್ಸ್ ನಂಬರ್ ಇನ್ನೂ ಬಂದಿಲ್ಲದಿದ್ದರೆ ಇಲ್ಲ ಅಂತ ಬರೆದು ಕಾರಣ ಹೇಳಬಹುದು. ಬೇರೆ ದಾಖಲೆ ಕೇಳಬಹುದು, ಅಷ್ಟೇ.

ಚುನಾವಣೆಗೆ 12 ಕೆಲಸದ ದಿನ ಮುಂಚೆ ಕೊನೆಯ ದಿನ. ಮೇ ಮೊದಲ ವಾರದ ಮತದಾನಕ್ಕೆ ಅಂದರೆ ಏಪ್ರಿಲ್ ಮಧ್ಯ ದಾಟಿದ ಮೇಲೆ ಮೈಮರೆಯುವ ಹಾಗಿಲ್ಲ. ಶನಿವಾರ, ಭಾನುವಾರ, ಬ್ಯಾಂಕ್ ಹಾಲಿಡೇ ಲೆಕ್ಕಕ್ಕೆ ಬರುವುದಿಲ್ಲ.

ಮನೆಯ ಯಜಮಾನ ಎಲ್ಲರ ಹೆಸರನ್ನೂ ಸೇರಿಸುವ ಪದ್ಧತಿ 2014ರಲ್ಲೇ ನಿಂತಿದೆ. ಗಂಡ, ಹೆಂಡತಿ, ದೊಡ್ಡ ಮಕ್ಕಳು ಬೇರೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಮನೆ ಬದಲಾಯಿಸಿದರೆ ಹೊಸ ವಿಳಾಸದಿಂದ ಮತ್ತೆ ನೋಂದಾಯಿಸಬೇಕು, ಎದುರುಗಡೆಯ ಮನೆಗೇ ಹೋಗಿದ್ದರೂ. ಇದರಿಂದ ಇನ್ನೊಂದು ಲಾಭವೂ ಇದೆ. ಸಾಲ ಕೊಡುವವರು ವಿಳಾಸ ತಾಳೆ ನೋಡುವುದು ಮತದಾರರ ಪಟ್ಟಿಯಲ್ಲೇ. ಮೊಬೈಲ್ ಕಂತು, ಮಾರ್ಟ್‌ಗೇಜ್ ಎರಡಕ್ಕೂ ಪಟ್ಟಿಯಲ್ಲಿ ಹೆಸರಿದ್ದರೆ ಒಳ್ಳೆಯದು. ಫಾರ್ಮಿನಲ್ಲಿ ‘ಓಪನ್ ರಿಜಿಸ್ಟರ್’ ಬೇಡ ಅಂತ ಗುರುತು ಹಾಕಿ. ಆ ಪಟ್ಟಿಯನ್ನು ಯಾರು ಬೇಕಾದರೂ ಕೊಳ್ಳಬಹುದು. ಅದರಲ್ಲಿ ಇಲ್ಲದಿದ್ದರೂ ಮತದ ಹಕ್ಕಿಗೆ ಏನೂ ಆಗುವುದಿಲ್ಲ.

ಆಧಾರ್ ಕಾರ್ಡ್ ತೋರಿಸಿದ್ರೆ ನಡೆಯುತ್ತಾ? ಒಸಿಐ ಕಾರ್ಡ್?

ಎರಡೂ ನಡೆಯುವುದಿಲ್ಲ. 2023ರ ಮೇ ಚುನಾವಣೆಯಿಂದ ಇಂಗ್ಲೆಂಡಿನಲ್ಲಿ ಫೋಟೋ ಗುರುತಿನ ಚೀಟಿ ಕಡ್ಡಾಯ. ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತದೆ, ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ಪಟ್ಟಿಯಲ್ಲಿದೆ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್, ಪ್ರೊವಿಷನಲ್ ಆದರೂ ಸೈ. ಹಿರಿಯರ ಬಸ್ ಪಾಸ್, ಅಂಗವಿಕಲರ ಪಾರ್ಕಿಂಗಿನ ಬ್ಲೂ ಬ್ಯಾಡ್ಜ್, ವೀಸಾದವರ ವಾಸದ ಗುರುತಾದ ಬಿಆರ್‌ಪಿ ಕಾರ್ಡ್ ಕೂಡ ಆಗುತ್ತದೆ. ಅವಧಿ ಮುಗಿದಿದ್ದರೂ ಫೋಟೋದಲ್ಲಿರುವವರು ನೀವೇ ಅಂತ ಗೊತ್ತಾದರೆ ಸಾಕು. ಭಾರತದ ಡ್ರೈವಿಂಗ್ ಲೈಸೆನ್ಸ್, ಆಫೀಸ್ ಬ್ಯಾಡ್ಜ್, ಫೋನಿನಲ್ಲಿರುವ ಚಿತ್ರ ಇವ್ಯಾವೂ ಆಗುವುದಿಲ್ಲ. ಇ-ವೀಸಾ ಸಹ ಆಗುವುದಿಲ್ಲ.

ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿ ಕೈಯಲ್ಲಿ ಏನೂ ಇಲ್ಲ ಅನ್ನುವವರು ‘ವೋಟರ್ ಅಥಾರಿಟಿ ಸರ್ಟಿಫಿಕೇಟ್’ ಕೇಳಬಹುದು. ದುಡ್ಡಿಲ್ಲ, ಆದರೆ ಚುನಾವಣೆಗೆ ಆರು ಕೆಲಸದ ದಿನ ಮುಂಚೆ ಸಂಜೆ 5ರೊಳಗೆ ಅರ್ಜಿ ಹಾಕಿರಬೇಕು.

ಆ ದಿನ ರಜೆ ಇರಲ್ವಾ? ಬೂತ್ ಒಳಗೆ ಏನೇನಾಗುತ್ತೆ?

ರಜೆ ಇಲ್ಲ. ಮೇ ತಿಂಗಳ ಮೊದಲ ಗುರುವಾರ, ಮಾಮೂಲಿ ಕೆಲಸದ ದಿನ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಬಾಗಿಲು ತೆರೆದಿರುತ್ತದೆ. ಲಂಡನ್ನಿಗೆ ರೈಲು ಹತ್ತುವ ಮೊದಲು ಅಥವಾ ಊಟ ಮುಗಿಸಿ ರಾತ್ರಿ ಹೋಗಬಹುದು. ಹತ್ತು ಗಂಟೆಗೆ ಸಾಲಿನಲ್ಲಿ ನಿಂತಿದ್ದರೆ ಎಷ್ಟು ಹೊತ್ತಾದರೂ ಮತ ಹಾಕಲು ಬಿಡುತ್ತಾರೆ.

ಒಳಗಿನ ನೋಟ ನಮ್ಮವರಿಗೆ ಸ್ವಲ್ಪ ವಿಚಿತ್ರ ಅನಿಸುತ್ತದೆ. ಪೊಲೀಸ್ ಇಲ್ಲ, ನೂರು ಮೀಟರ್ ಗೆರೆ ಇಲ್ಲ, ಮಷೀನ್ ಇಲ್ಲ. ಚರ್ಚಿನ ಹಾಲ್ ಅಥವಾ ಶಾಲೆಯ ಕೋಣೆ. ಮೂಲೆಯಲ್ಲಿ ಮಕ್ಕಳ ಚಿಕ್ಕ ಚಿಕ್ಕ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಮೇಜಿನ ಹಿಂದೆ ಇಬ್ಬರು ಕೂತಿರುತ್ತಾರೆ, ಪಕ್ಕದಲ್ಲಿ ಅರ್ಧ ಕುಡಿದ ಟೀ. ವಿಳಾಸ ಕೇಳುತ್ತಾರೆ, ಗುರುತಿನ ಚೀಟಿ ನೋಡುತ್ತಾರೆ, ಪಟ್ಟಿಯಲ್ಲಿ ನಿಮ್ಮ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾರೆ. ಕಾಗದದ ಮತಪತ್ರ ಕೊಡುತ್ತಾರೆ. ಪ್ಲೈವುಡ್ ತಡಿಕೆಯ ಹಿಂದೆ ದಾರ ಕಟ್ಟಿದ ಮೋಟು ಪೆನ್ಸಿಲ್. ಬೇಕಾದವರ ಹೆಸರಿನ ಮುಂದೆ ಒಂದು ಕತ್ತರಿ ಗುರುತು, ಮಡಿಸಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಪೆನ್ಸಿಲ್ ಬೇಡ ಅನಿಸಿದರೆ ನಿಮ್ಮದೇ ಪೆನ್ ಒಯ್ಯಬಹುದು. ಗುರುತು ತಪ್ಪಾದರೆ ಪೆಟ್ಟಿಗೆಗೆ ಹಾಕುವ ಮುಂಚೆ ಹೇಳಿ, ಹೊಸ ಕಾಗದ ಕೊಡುತ್ತಾರೆ. ನೋಟಾ ಇಲ್ಲ.

ಬೆರಳಿಗೆ ಶಾಯಿಯನ್ನೂ ಹಚ್ಚುವುದಿಲ್ಲ. 1962ರಿಂದ ಭಾರತದ ಚುನಾವಣೆಗಳಿಗೆ ಮೈಸೂರಿನ ಪೇಂಟ್ಸ್ ಕಾರ್ಖಾನೆಯಿಂದ ಹೋಗುವ ಆ ನೇರಳೆ ಗುರುತಿಗೆ ಒಗ್ಗಿಕೊಂಡವರಿಗೆ, ಏನೂ ಇಲ್ಲದ ಬೆರಳು ನೋಡಿ ಮತ ಹಾಕಿದ ಹಾಗೇ ಅನಿಸುವುದಿಲ್ಲ. ಫೇಸ್‌ಬುಕ್ಕಿಗೆ ಬೆರಳಿನ ಫೋಟೋ ಇಲ್ಲ. ಹೊರಗೆ ನಿಂತು ಬೋರ್ಡಿನ ಜೊತೆ ಬೇಕಾದರೆ ತೆಗೆದುಕೊಳ್ಳಿ, ಒಳಗೆ ಕ್ಯಾಮೆರಾ ಬೇಡ.

ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಗುರುತು ಮಾತ್ರ ನೀವೇ ಹಾಕಬೇಕು. ಚುನಾವಣೆಗೆ ಮೊದಲು ಅಂಚೆಯಲ್ಲಿ ಬರುವ ಪೋಲ್ ಕಾರ್ಡ್ ಮನೆಯಲ್ಲಿ ಮರೆತರೂ ಪರವಾಗಿಲ್ಲ. ಆದರೆ ನಿಮ್ಮ ಬೂತ್ ಯಾವುದೆಂದು ಅದರಲ್ಲೇ ಬರೆದಿರುತ್ತದೆ, ಬೇರೆ ಬೂತಿನಲ್ಲಿ ಹಾಕಲು ಆಗುವುದಿಲ್ಲ.

ಬಾಗಿಲಲ್ಲಿ ಪಟ್ಟಿ ಹಿಡ್ಕೊಂಡು ನನ್ನ ನಂಬರ್ ಕೇಳ್ತಾರಲ್ಲ, ಅವರಿಗೆ ಕೊಡಲೇಬೇಕಾ?

ಬೇಡ. ಮತದಾರ ಸಂಖ್ಯೆ ಕೇಳುವ ಅವರು ಪಕ್ಷಗಳ ಕಾರ್ಯಕರ್ತರು, ಅಧಿಕಾರಿಗಳಲ್ಲ. ಎದೆಗೆ ರೋಸೆಟ್ (ಪಕ್ಷದ ಬಣ್ಣದ ರಿಬ್ಬನ್ ಹೂವು) ಚುಚ್ಚಿಕೊಂಡಿರುತ್ತಾರೆ. ತಮ್ಮ ಬೆಂಬಲಿಗರಲ್ಲಿ ಇನ್ನೂ ಬಾರದವರು ಯಾರೆಂದು ತಿಳಿದು ಸಂಜೆ ಮನೆಗೆ ಹೋಗಿ ಕರೆಯುವುದಕ್ಕೆ ಈ ಲೆಕ್ಕ. ಕೊಟ್ಟರೂ ಸರಿ, ನಕ್ಕು ಮುಂದೆ ಹೋದರೂ ಸರಿ.

ಮೇನಲ್ಲಿ ತಮ್ಮನ ಮದುವೆಗೆ ಊರಿಗೆ ಹೋಗ್ತಿದ್ದೀನಿ. ನನ್ನ ವೋಟ್ ಹೋಯ್ತಾ?

ಹೋಗಬೇಕಾಗಿಲ್ಲ. ಎರಡು ದಾರಿ ಇವೆ. ಒಂದು ಪೋಸ್ಟಲ್ ವೋಟ್. 11 ಕೆಲಸದ ದಿನ ಮುಂಚೆ ಸಂಜೆ 5ರೊಳಗೆ ಅರ್ಜಿ ಹಾಕಬೇಕು. ಮತಪತ್ರ ಮನೆಗೆ ಬಂದ ಮೇಲೆ ಹೊರಡುವವರಿಗೆ ಇದು ಸರಿ. ದಾವಣಗೆರೆಯ ವಿಳಾಸಕ್ಕೆ ಮತಪತ್ರ ತರಿಸಿಕೊಂಡು ವಾಪಸ್ ಕಳಿಸುತ್ತೇನೆ ಅನ್ನುವ ಸಾಹಸ ಬೇಡ, ಸಮಯಕ್ಕೆ ಸೇರುವುದು ಕಷ್ಟ.

ಇನ್ನೊಂದು ಪ್ರಾಕ್ಸಿ. ನಿಮ್ಮ ಪರವಾಗಿ ನಂಬಿಕಸ್ಥರೊಬ್ಬರು ಬೂತಿಗೆ ಹೋಗಿ ಹಾಕುತ್ತಾರೆ. ಅವರಿಗೂ ಇಲ್ಲಿ ಮತದ ಹಕ್ಕಿರಬೇಕು, ಅವರು ತಮ್ಮ ಗುರುತಿನ ಚೀಟಿ ತೋರಿಸಬೇಕು. ಇದಕ್ಕೆ ಆರು ಕೆಲಸದ ದಿನ ಮುಂಚೆ ಸಂಜೆ 5ರವರೆಗೆ ಅವಕಾಶ. ಊರಿಗೆ ಹೋಗುವವರಿಗೆ ಇದೇ ವಾಸಿ.

ಪೋಸ್ಟಲ್ ವೋಟಿನಲ್ಲಿ ಹುಟ್ಟಿದ ದಿನ ಮತ್ತು ಸಹಿ ಅರ್ಜಿಯಲ್ಲಿ ಇದ್ದ ಹಾಗೇ ಇರಬೇಕು. ಅರ್ಜಿಗೆ ಒಂದು ಸಹಿ, ಇಲ್ಲಿ ಒಂದು ಸಹಿ ಮಾಡಿದರೆ ಮತ ಎಣಿಕೆಗೇ ಸೇರುವುದಿಲ್ಲ. ಹುಟ್ಟಿದ ದಿನದ ಜಾಗದಲ್ಲಿ ಆ ದಿನದ ತಾರೀಖು ಬರೆಯುವುದೂ ಮಾಮೂಲಿ ಎಡವಟ್ಟು.

ಮಗಳು ಓದೋದು ಬೇರೆ ಊರಲ್ಲಿ. ಅವಳು ಎಲ್ಲಿ ವೋಟ್ ಹಾಕಬೇಕು?

ಹಾಸ್ಟೆಲ್ ವಿಳಾಸ, ಮನೆಯ ವಿಳಾಸ ಎರಡರಲ್ಲೂ ಹೆಸರು ಇರಬಹುದು. ಎರಡೂ ಬೇರೆ ಬೇರೆ ಕೌನ್ಸಿಲ್ ಆದರೆ ಕೌನ್ಸಿಲ್ ಚುನಾವಣೆಯಲ್ಲಿ ಎರಡೂ ಕಡೆ ಮತ ಹಾಕಬಹುದು. ಪಾರ್ಲಿಮೆಂಟ್ ಚುನಾವಣೆಯಲ್ಲಿ ಮಾತ್ರ ಒಂದೇ ಕಡೆ, ಎರಡು ಕಡೆ ಹಾಕಿದರೆ ಅಪರಾಧ.

## ಯಾರಿಗೆ, ಯಾಕೆ

ನಿಂತಿರೋರು ಯಾರು ಅಂತಾನೇ ಗೊತ್ತಿಲ್ಲ. ಕರಪತ್ರ ನೋಡಿ ನಂಬಬಹುದಾ?

ಮೈಕು, ಮೆರವಣಿಗೆ, ಕಟೌಟ್ ಇಲ್ಲದ ಪ್ರಚಾರ ಇದು. ಕರಪತ್ರ, ಬಾಗಿಲು ತಟ್ಟುವುದು, ಕೆಲವರ ಮನೆಯಂಗಳದಲ್ಲಿ ಒಂದು ಬೋರ್ಡು. ಅಷ್ಟರಲ್ಲೇ ಮುಗಿಯುತ್ತದೆ.

ಕರಪತ್ರ ಓದುವಾಗ ಎರಡು ಜಾಗ ನೋಡಿ. ಮೊದಲನೆಯದು ಕಂಬದ ಚಿತ್ರ, ಅಂದರೆ ಪಕ್ಷಗಳ ಮತ ತೋರಿಸುವ ಬಾರ್ ಚಾರ್ಟ್. ‘ಇಲ್ಲಿ ನಾವು ಅಥವಾ ಅವರು, ಮೂರನೆಯವರಿಗೆ ಹಾಕಿದರೆ ಮತ ದಂಡ’ ಅಂತ ಹೇಳುವ ಚಿತ್ರ ಅದು. ಯಾವ ಪಕ್ಷವೂ ಇದನ್ನು ಬಿಟ್ಟಿಲ್ಲ. ಕಂಬದ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ ಯಾವ ಚುನಾವಣೆಯ ಅಂಕಿ ಎಂದು ಬರೆದಿರುತ್ತಾರೆ. ಅದು ನಿಮ್ಮ ವಾರ್ಡಿನ ಹೋದ ಸಲದ ಅಂಕಿಯೋ, ಪಾರ್ಲಿಮೆಂಟ್ ಚುನಾವಣೆಯದೋ, ಹಳೇ ಗಡಿಯ ವಾರ್ಡಿನದೋ ನೋಡಿ. ಕಂಬದ ಎತ್ತರಕ್ಕೂ ಅಂಕಿಗೂ ತಾಳೆ ಇದೆಯಾ ಅಂತಲೂ ನೋಡಿ. ಎಷ್ಟೋ ಸಲ ಇರುವುದಿಲ್ಲ.

ಎರಡನೆಯದು ಕೊನೆಯ ಸಾಲು. ಯಾರು ಮುದ್ರಿಸಿದರು, ಯಾರ ಪರವಾಗಿ ಹಂಚಿದರು ಎಂಬ ಹೆಸರು, ವಿಳಾಸ ಅಲ್ಲಿರಲೇಬೇಕು. ಅದು ಕಾನೂನು. ಅದಿಲ್ಲದ ಕರಪತ್ರವನ್ನು ಸುಮ್ನೆ ಕಸದ ಡಬ್ಬಿಗೆ ಹಾಕಿ.

ಅಭ್ಯರ್ಥಿಗಳ ಪೂರ್ತಿ ಪಟ್ಟಿ ಏಪ್ರಿಲಿನಲ್ಲಿ ಕೌನ್ಸಿಲಿನ ವೆಬ್‌ಸೈಟಿನಲ್ಲಿ ಬರುತ್ತದೆ. ಈಗಾಗಲೇ ಕೌನ್ಸಿಲರ್ ಆಗಿರುವವರು ಮತ್ತೆ ನಿಂತಿದ್ದರೆ, ಅವರು ಸಭೆಗಳಿಗೆ ಬಂದಿದ್ದಾರಾ, ಯಾವ ಸಮಿತಿಯಲ್ಲಿದ್ದಾರೆ ಎಂಬ ದಾಖಲೆಯೂ ಅಲ್ಲೇ ಸಿಗುತ್ತದೆ. ನನ್ನನ್ನು ಕೇಳಿದರೆ ನಾಲ್ಕು ಕರಪತ್ರಕ್ಕಿಂತ ಆ ಹಾಜರಿ ಪಟ್ಟಿ ಮೇಲು.

ಕೌನ್ಸಿಲರ್‌ಗೆ ಹೇಳಿದ್ರೆ ನಿಜವಾಗ್ಲೂ ಕೆಲಸ ಆಗುತ್ತಾ?

ಯಾವ ಕೆಲಸ ಎಂಬುದರ ಮೇಲೆ ಹೋಗುತ್ತದೆ. ಕಸದ ಗಾಡಿ ನಿಮ್ಮ ಬೀದಿಯನ್ನು ಮೂರು ಸಲ ಬಿಟ್ಟುಹೋಯಿತು, ಶಾಲೆಯ ಮುಂದೆ ದಾಟಲು ಜಾಗ ಇಲ್ಲ, ಪಾರ್ಕಿಂಗ್ ಪರ್ಮಿಟ್ ವಲಯ ಬೇಕು, ಪಕ್ಕದಲ್ಲಿ ದೊಡ್ಡ ಕಟ್ಟಡಕ್ಕೆ ಅರ್ಜಿ ಬಿದ್ದಿದೆ: ಇವೆಲ್ಲ ಅವರ ವ್ಯಾಪ್ತಿ. ಮೊದಲು ಕೌನ್ಸಿಲಿಗೇ ದೂರು ಕೊಟ್ಟು ಅದರ ನಂಬರ್ ಇಟ್ಟುಕೊಳ್ಳಿ. ಕೆಲಸ ಆಗದಿದ್ದರೆ ಆ ನಂಬರ್ ಸಮೇತ ಕೌನ್ಸಿಲರಿಗೆ ಮೇಲ್ ಹಾಕಿ. ವಾರ್ಡಿನ ಮೂವರಿಗೂ ಹಾಕಬಹುದು. ಅವರು ಬೇರೆ ಬೇರೆ ಪಕ್ಷದವರಾಗಿದ್ದರೆ ಇನ್ನೂ ಒಳ್ಳೆಯದು, ಪೈಪೋಟಿ ಇರುತ್ತದೆ.

ಜಿಪಿ ಅಪಾಯಿಂಟ್‌ಮೆಂಟ್, ರಾಯಲ್ ಬರ್ಕ್‌ಷೈರ್ ಆಸ್ಪತ್ರೆ, ರೈಲು ದರ, ವೀಸಾ, ನೀರಿನ ಬಿಲ್ ಅವರ ಕೈಯಲ್ಲಿಲ್ಲ. ಎಷ್ಟರಮಟ್ಟಿಗೆ ಇಲ್ಲ ಎನ್ನುವುದಕ್ಕೆ ರೆಡಿಂಗ್ ಜೈಲಿನ ಕಥೆ ನೋಡಿ. ಸಾಹಿತಿ ಆಸ್ಕರ್ ವೈಲ್ಡ್ 1895ರಿಂದ 1897ರವರೆಗೆ ಸೆರೆವಾಸದ ಬಹುಪಾಲು ಕಳೆದ ಜೈಲು ಅದು. 2013ರಲ್ಲಿ ಮುಚ್ಚಿತು. ಅದನ್ನು ಕಲೆಯ ಕೇಂದ್ರ ಮಾಡಬೇಕೆಂದು ಊರಿನವರು ಮೆರವಣಿಗೆ ಮಾಡಿದರು, 2021ರಲ್ಲಿ ಗೋಡೆಚಿತ್ರಗಳ ಕಲಾವಿದ ಬ್ಯಾಂಕ್ಸಿ ಬಂದು ಗೋಡೆಯ ಮೇಲೆ ಚಿತ್ರ ಬರೆದುಹೋದರು, ಕೌನ್ಸಿಲ್ ತಾನೇ ಕೊಳ್ಳಲು ಬೆಲೆ ಕೂಗಿತು. ಆದರೆ ಕಟ್ಟಡ ಲಂಡನ್ನಿನ ನ್ಯಾಯ ಇಲಾಖೆಯದು. ಅವರು ಬೇರೆಯವರಿಗೆ ಮಾರಿದರು. ಇನ್ನು ಅಲ್ಲಿ ಏನು ಕಟ್ಟಬಹುದು ಎನ್ನುವುದಕ್ಕೆ ಪರವಾನಗಿ ಕೊಡುವ ಹೊತ್ತಿಗೆ ಮಾತ್ರ ಕೌನ್ಸಿಲಿನ ಮಾತು ನಡೆಯುತ್ತದೆ.

ಯಾರು ಗೆದ್ರೂ ಕೌನ್ಸಿಲ್ ಟ್ಯಾಕ್ಸ್ ಏರುತ್ತೆ. ಮತ್ತೆ ವೋಟ್ ಹಾಕಿ ಏನು ಪ್ರಯೋಜನ?

ಏರುತ್ತದೆ ಅನ್ನುವುದು ನಿಜ. ಇತ್ತೀಚಿನ ವರ್ಷಗಳಲ್ಲಿ ರೆಡಿಂಗಿನಂಥ ಕೌನ್ಸಿಲ್ ಜನಮತ ಕೇಳದೆ ವರ್ಷಕ್ಕೆ 5 ಶೇಕಡಾಕ್ಕಿಂತ ಕೂದಲೆಳೆ ಕಡಿಮೆ ಏರಿಸಬಹುದು. ಅದರಲ್ಲಿ 2 ಶೇಕಡಾ ಹಿರಿಯರ ಮತ್ತು ಅಂಗವಿಕಲರ ಆರೈಕೆಗೇ ಮೀಸಲು. ಹೆಚ್ಚಿನ ಕೌನ್ಸಿಲುಗಳು ಆ ಮಿತಿಯ ತನಕ ಏರಿಸುತ್ತವೆ. ಬಿಲ್ಲಿನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕದ ಪಾಲೂ ಸೇರಿರುತ್ತದೆ, ಅದನ್ನು ಕೌನ್ಸಿಲ್ ವಸೂಲು ಮಾಡಿ ದಾಟಿಸುತ್ತದೆ. ನಿಮ್ಮ ಮನೆ ಯಾವ ಬ್ಯಾಂಡಿಗೆ (ತೆರಿಗೆಯ ದರ್ಜೆಗೆ) ಸೇರುತ್ತದೆ ಎನ್ನುವುದು 1991ರ ಏಪ್ರಿಲ್ 1ರಂದು ಅದರ ಬೆಲೆ ಎಷ್ಟಿತ್ತು ಎಂಬ ಲೆಕ್ಕ. ಆಮೇಲೆ ಕಟ್ಟಿದ ಮನೆಗೂ ಆ ದಿನದ ಬೆಲೆಯನ್ನೇ ಊಹಿಸುತ್ತಾರೆ!

ಹಣದ ದೊಡ್ಡ ಪಾಲು ಆರೈಕೆಗೆ ಮತ್ತು ಮಕ್ಕಳ ರಕ್ಷಣೆಗೆ ಹೋಗುತ್ತದೆ. ಅದು ಕಾನೂನು ಹೇರಿದ ಹೊಣೆ, ಯಾರು ಗೆದ್ದರೂ ತಪ್ಪಿಸಲಾಗದು. ಉಳಿದ ಸಣ್ಣ ಪಾಲಿನ ಮೇಲೆಯೇ ಜಗಳ: ಯಾವ ಲೈಬ್ರರಿ ಎಷ್ಟು ಗಂಟೆ ತೆರೆದಿರಬೇಕು, ಬಸ್ ಲೇನ್ ಎಲ್ಲಿ ಬೇಕು, ಯಾವ ರಸ್ತೆಗೆ ಮೊದಲು ಡಾಂಬರು. ನಿಮ್ಮ ದಿನನಿತ್ಯಕ್ಕೆ ತಾಗುವುದು ಆ ಸಣ್ಣ ಪಾಲೇ.

ಇನ್ನು ಒಂದು ಮತದ ಬೆಲೆ. ಕೌನ್ಸಿಲ್ ಚುನಾವಣೆಯಲ್ಲಿ ಬರುವವರು ಮೂವರಲ್ಲಿ ಒಬ್ಬರು ಅಂದುಕೊಳ್ಳಿ. ಸಾವಿರ, ಸಾವಿರದೈನೂರು ಮತಕ್ಕೆ ಸೀಟು ಬರುತ್ತದೆ. ನಾಲ್ಕು ಬೀದಿಯವರು ಒಟ್ಟಿಗೆ ಬಂದರೆ ಫಲಿತಾಂಶ ತಿರುಗಬಹುದು.

ಮೇಯರ್‌ಗೆ ಯಾಕೆ ನಾವು ವೋಟ್ ಹಾಕಲ್ಲ? ಊರು ನಡೆಸೋದು ಅವರೇ ತಾನೆ?

ರೆಡಿಂಗಿನಲ್ಲಿ ಅಲ್ಲ. ಇಲ್ಲಿನ ಮೇಯರ್ ಒಂದು ವರ್ಷದ ಗೌರವದ ಹುದ್ದೆ. ಕೊರಳಿಗೆ ಸರಪಳಿ ಹಾಕಿಕೊಂಡು ಸಭೆ ನಡೆಸುತ್ತಾರೆ, ದೀಪಾವಳಿ ಕಾರ್ಯಕ್ರಮಕ್ಕೂ ಬರುತ್ತಾರೆ. ಆಡಳಿತದ ಚುಕ್ಕಾಣಿ ಕೌನ್ಸಿಲ್ ಲೀಡರ್ ಕೈಯಲ್ಲಿ. ಯಾವ ಪಕ್ಷಕ್ಕೆ ಬಹುಮತ ಇದೆಯೋ ಅವರ ನಾಯಕ ಲೀಡರ್ ಆಗುತ್ತಾರೆ. 2012ರಲ್ಲಿ ಲೇಬರ್ ಪಕ್ಷಕ್ಕೆ ಬಹುಮತ ಬಂತು, 2024ರ ಚುನಾವಣೆಯ ನಂತರವೂ ಅದೇ ಇತ್ತು. ಲಂಡನ್, ಮ್ಯಾಂಚೆಸ್ಟರಿನಲ್ಲಿ ಟಿವಿಯಲ್ಲಿ ಕಾಣುವ ಮೇಯರುಗಳು ಬೇರೆ ಜಾತಿಯವರು, ಅವರನ್ನು ಜನ ನೇರವಾಗಿ ಆರಿಸುತ್ತಾರೆ.

## ಇನ್ನೂ ಒಳಗೆ ಹೋದವರ ಪ್ರಶ್ನೆಗಳು

ನಾನೇ ನಿಲ್ಲಬಹುದಾ?

ಮತ ಹಾಕಲು ಯಾವ ವೀಸಾ ಆದರೂ ಸಾಕು, ನಿಲ್ಲಲು ಸಾಲದು. ಭಾರತದ ಪ್ರಜೆಯಾಗಿದ್ದರೆ ಐಎಲ್‌ಆರ್ ಬೇಕು. ಈ ವ್ಯತ್ಯಾಸ ಚೆನ್ನಾಗಿ ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾಮಪತ್ರದಲ್ಲಿ ಅರ್ಹತೆ ಇದೆಯೆಂದು ನೀವೇ ಸಹಿ ಹಾಕುತ್ತೀರಿ. 18 ತುಂಬಿರಬೇಕು. ಆ ಕೌನ್ಸಿಲಿನ ಮತದಾರರಾಗಿರಬೇಕು, ಅಥವಾ ಹಿಂದಿನ 12 ತಿಂಗಳಿಂದ ಅಲ್ಲಿ ವಾಸ, ಕೆಲಸ ಅಥವಾ ಮನೆ, ಜಮೀನು ಇರಬೇಕು. ಕೌನ್ಸಿಲಿನಲ್ಲೇ ನೌಕರಿ ಮಾಡುವವರು ಅದೇ ಕೌನ್ಸಿಲಿಗೆ ನಿಲ್ಲುವ ಹಾಗಿಲ್ಲ.

ನಾಮಪತ್ರಕ್ಕೆ ವಾರ್ಡಿನ ಇಬ್ಬರು ಮತದಾರರ ಸಹಿ ಸಾಕು. ಠೇವಣಿ ಇಲ್ಲ. ಪಾರ್ಲಿಮೆಂಟಿಗಾದರೆ 500 ಪೌಂಡ್ ಕಟ್ಟಬೇಕು. ಪಕ್ಷದ ಟಿಕೆಟ್ ಬೇಕೆಂದರೆ ಚುನಾವಣೆಯ ವರ್ಷ ಹೋಗಿ ಕೇಳಿದರೆ ಆಗುವುದಿಲ್ಲ. ಸದಸ್ಯರಾಗಿ, ಚಳಿಯಲ್ಲಿ ನಿಂತು ಕರಪತ್ರ ಹಂಚಿ, ವಾರ್ಡಿನ ಶಾಖೆಯವರಿಗೆ ಮುಖ ಪರಿಚಯ ಆಗಿರಬೇಕು.

ಕನ್ನಡದವರು ಗೆದ್ದ ದಾಖಲೆ ಇದೆಯಾ ಅಂತ ಕೇಳುತ್ತಾರೆ. ಇದೆ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಕೌನ್ಸಿಲಿಗೆ ಲೇಬರ್ ಪಕ್ಷದಿಂದ ಆಯ್ಕೆಯಾಗಿ, 2010ರಲ್ಲಿ ಅಲ್ಲಿನ ಮೇಯರ್ ಆದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣವಾದ ಬಸವಣ್ಣನವರ ಪ್ರತಿಮೆಯ ಹಿಂದೆ ಓಡಾಡಿದವರೂ ಅವರೇ.

ನಿಲ್ಲೋದಕ್ಕೆ ಎಷ್ಟು ಖರ್ಚಾಗುತ್ತೆ?

ನಮ್ಮ ಕಡೆ ಕೇಳಿದರೆ ನಗುತ್ತಾರೆ. 960 ಪೌಂಡ್, ಅದರ ಮೇಲೆ ವಾರ್ಡಿನ ಒಬ್ಬ ಮತದಾರರಿಗೆ 8 ಪೆನ್ಸ್. ಅಷ್ಟೇ ಮಿತಿ. 7,500 ಮತದಾರರ ವಾರ್ಡಾದರೆ 1,560 ಪೌಂಡ್. ಕರಪತ್ರದ ಮುದ್ರಣಕ್ಕೇ ಬಹುಪಾಲು ಹೋಗುತ್ತದೆ. ಫಲಿತಾಂಶ ಬಂದ 35 ದಿನದೊಳಗೆ ರಸೀದಿ ಸಮೇತ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು. ಒಂದು ಪೈಸೆ ಖರ್ಚು ಮಾಡದಿದ್ದರೂ ‘ಸೊನ್ನೆ’ ಅಂತ ಬರೆದು ಕೊಡಬೇಕು. ಮತದಾರರ ಮನ ಒಲಿಸಲು ಊಟ, ಕುಡಿತ ಕೊಡಿಸುವುದು ಅಪರಾಧ. ಮಸಾಲೆ ದೋಸೆಯೂ ಸೇರಿ.

ಮತಪತ್ರದ ಹಿಂದೆ ನಂಬರ್ ಇದೆ. ಯಾರಿಗೆ ಹಾಕಿದೆ ಅಂತ ಗೊತ್ತಾಗಲ್ವಾ?

ನಂಬರ್ ಇರುವುದು ನಿಜ. ಆ ನಂಬರನ್ನು ನಿಮ್ಮ ಮತದಾರ ಸಂಖ್ಯೆಯ ಜೊತೆ ಬೇರೊಂದು ಪಟ್ಟಿಯಲ್ಲಿ ಬರೆದುಕೊಳ್ಳುವುದೂ ನಿಜ. ಕಳ್ಳಮತದ ದೂರು ಬಂದರೆ ಪತ್ತೆ ಹಚ್ಚಲು ಈ ಏರ್ಪಾಡು. ಎರಡನ್ನೂ ಬೇರೆ ಬೇರೆ ಮೊಹರು ಹಾಕಿ ಇಡುತ್ತಾರೆ. ಕೋರ್ಟಿನ ಆದೇಶ ಇಲ್ಲದೆ ಆ ಪಟ್ಟಿ ಬಿಚ್ಚುವಂತಿಲ್ಲ. ಒಂದು ವರ್ಷದ ಮೇಲೆ ಎಲ್ಲ ನಾಶ ಮಾಡುತ್ತಾರೆ.

ಚುನಾವಣೆ ನಡೆಸುವವರು ದೆಹಲಿಯ ಆಯೋಗದಂಥ ಒಂದು ಕೇಂದ್ರ ಸಂಸ್ಥೆ ಅಲ್ಲ. ಇಲ್ಲಿನ ಎಲೆಕ್ಟೋರಲ್ ಕಮಿಷನ್ ಮಾರ್ಗಸೂಚಿ ಕೊಡುತ್ತದೆ, ಪಕ್ಷಗಳ ಹಣದ ಲೆಕ್ಕ ನೋಡುತ್ತದೆ. ಬೂತು, ಎಣಿಕೆ, ಫಲಿತಾಂಶ ಎಲ್ಲ ಸ್ಥಳೀಯ ರಿಟರ್ನಿಂಗ್ ಆಫೀಸರ್ ಹೊಣೆ.

ಇಬ್ಬರಿಗೂ ಸಮ ಮತ ಬಂದ್ರೆ?

ಮೊದಲು ಮರು ಎಣಿಕೆ. ಆಗಲೂ ಸಮ ಬಂದರೆ ಚೀಟಿ ಎತ್ತುತ್ತಾರೆ, ಅಥವಾ ಕಡ್ಡಿ. 2017ರ ಮೇನಲ್ಲಿ ನಾರ್ಥಂಬರ್‌ಲ್ಯಾಂಡಿನ ಸೌತ್ ಬ್ಲೈತ್ ವಾರ್ಡಿನಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಟ್ ಅಭ್ಯರ್ಥಿಗಳಿಗೆ ಸಮ ಮತ ಬಂದವು. ಎಣಿಸಿ ಎಣಿಸಿ ಸಾಕಾಗಿ ಕಡ್ಡಿ ಎಳೆಸಿದರು. ಲಿಬರಲ್ ಡೆಮಾಕ್ರಟ್ ಅಭ್ಯರ್ಥಿಗೆ ಉದ್ದದ ಕಡ್ಡಿ ಬಂತು. ಆ ಒಂದು ಸೀಟು ತಪ್ಪಿದ್ದಕ್ಕೆ ಕನ್ಸರ್ವೇಟಿವ್ ಪಕ್ಷಕ್ಕೆ 67 ಸೀಟುಗಳ ಕೌನ್ಸಿಲಿನಲ್ಲಿ ಬಹುಮತ ತಪ್ಪಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಮತದಲ್ಲಿ ಸೋಲು ಗೆಲುವು ಆದದ್ದು ನೆನಪಿರುವವರಿಗೆ ಆ ಎಣಿಕೆ ಕೋಣೆಯ ಬಿಸಿ ಅರ್ಥವಾದೀತು.

ಕೌನ್ಸಿಲರ್ ಮಧ್ಯದಲ್ಲೇ ರಾಜೀನಾಮೆ ಕೊಟ್ರೆ ಏನಾಗುತ್ತೆ? ಪಕ್ಷ ಬಿಟ್ರೆ?

ಸೀಟು ಖಾಲಿಯಾದರೆ ಆ ಕೌನ್ಸಿಲಿನ ಇಬ್ಬರು ಮತದಾರರು ಬರೆದು ಕೇಳಿದರೆ ಸಾಕು, 35 ಕೆಲಸದ ದಿನದೊಳಗೆ ಉಪಚುನಾವಣೆ ನಡೆಸಬೇಕು. ಅವಧಿ ಮುಗಿಯಲು ಆರು ತಿಂಗಳೂ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಬಿಡುತ್ತಾರೆ. ಆರು ತಿಂಗಳು ಒಂದೇ ಒಂದು ಸಭೆಗೂ ಬಾರದೆ, ಕೌನ್ಸಿಲಿನ ಒಪ್ಪಿಗೆಯನ್ನೂ ಪಡೆಯದೆ ಇದ್ದರೆ ಸೀಟು ತಾನಾಗಿಯೇ ಹೋಗುತ್ತದೆ.

ಪಕ್ಷ ಬಿಟ್ಟರೆ ಏನೂ ಆಗುವುದಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲಿಲ್ಲ. ಒಂದು ಬಣ್ಣದಲ್ಲಿ ಗೆದ್ದು ಮರುವಾರ ಇನ್ನೊಂದು ಬಣ್ಣಕ್ಕೆ ಹೋಗಿ ಉಳಿದ ಅವಧಿ ಕೂರಬಹುದು. ಇದಕ್ಕೆ ರೆಸಾರ್ಟ್ ಬೇಕಾಗುವುದಿಲ್ಲ, ಒಂದು ಇಮೇಲ್ ಸಾಕು.